ಪಾರ್ಶ್ವವಾಯುವಿನಂತೆ ಕಂಡರೂ ಪಾರ್ಶ್ವವಾಯು ಅಲ್ಲದ ತೊಂದರೆ

‘ಲಕ್ವ ಹೊಡೆಯಿತು’ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ನಮ್ಮ ಮನೆಗಳಲ್ಲಿ ಎಲ್ಲರ ಕೈಕಾಲು ಆಡುವುದಿಲ್ಲ. ಆದರೆ ಕೆಲವೊಮ್ಮೆ ಆಸ್ಪತ್ರೆಯಲ್ಲಿ ಪರೀಕ್ಷೆಗಳೆಲ್ಲ ಮುಗಿದ ಮೇಲೆ ವೈದ್ಯರು “ಇದು ಸ್ಟ್ರೋಕ್ ಅಲ್ಲ” ಎನ್ನುತ್ತಾರೆ. ಸ್ಕ್ಯಾನ್‌ನಲ್ಲಿ ಏನೂ ಇಲ್ಲ, ಕೈ ಮಾತ್ರ ಇನ್ನೂ ಏಳುತ್ತಿಲ್ಲ. ಹಾಗಾದರೆ ಇದೇನು? ಬನ್ನಿ, ತಿಳಿದುಕೊಳ್ಳೋಣ.

ಮೊದಲು ಮಾಡಬೇಕಾದದ್ದು

ಇಲ್ಲಿ ಬ್ರಿಟನ್ನಿನಲ್ಲಿ 2009ರಿಂದ ಪ್ರಚಾರದಲ್ಲಿರುವ ‘ಫಾಸ್ಟ್’ ಸೂತ್ರ ನಮಗೆಲ್ಲ ಗೊತ್ತು. ಮುಖ ಒಂದು ಕಡೆ ಜೋತಿದೆಯೇ? ಎರಡೂ ಕೈಗಳನ್ನು ಎತ್ತಿ ಹಿಡಿಯಲು ಆಗುತ್ತದೆಯೇ? ಮಾತು ತೊದಲುತ್ತಿದೆಯೇ? ಇವುಗಳಲ್ಲಿ ಒಂದು ಕಂಡರೂ ಕೂಡಲೇ 999ಕ್ಕೆ ಕರೆ ಮಾಡಬೇಕು. ಊರಿನಲ್ಲಿರುವ ತಂದೆತಾಯಿಯರಿಗೆ 108 ಸಂಖ್ಯೆಯನ್ನು ನೆನಪಿಸೋಣ. ರಕ್ತದ ಹೆಪ್ಪನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದು ನಿಜವಾದ ಸ್ಟ್ರೋಕ್ ಹೌದೋ ಅಲ್ಲವೋ ಎಂದು ಮನೆಯಲ್ಲೇ ತೀರ್ಮಾನಿಸುತ್ತಾ ಕೂರುವುದು ಸಲ್ಲದು. ಆ ಕೆಲಸ ವೈದ್ಯರದು.

ವೀಣೆಯ ಉದಾಹರಣೆ

ಈ ತೊಂದರೆಗೆ ಫಂಕ್ಷನಲ್ ನ್ಯೂರಾಲಜಿಕಲ್ ಡಿಸಾರ್ಡರ್ ಎಂದು ಹೆಸರು, ಚಿಕ್ಕದಾಗಿ ಎಫ್.ಎನ್.ಡಿ. ಪಾರ್ಶ್ವವಾಯುವಿನಲ್ಲಿ ರಕ್ತನಾಳ ಕಟ್ಟಿಕೊಂಡು ಅಥವಾ ಒಡೆದು ಮಿದುಳಿನ ಒಂದು ಭಾಗಕ್ಕೆ ಹಾನಿಯಾಗುತ್ತದೆ. ವೀಣೆಯ ತಂತಿ ಕಡಿದುಹೋದಂತೆ. ಎಫ್.ಎನ್.ಡಿ.ಯಲ್ಲಿ ತಂತಿಗಳೆಲ್ಲ ಇವೆ, ಶ್ರುತಿ ತಪ್ಪಿದೆ. ಮಿದುಳಿನಿಂದ ಕೈಕಾಲಿಗೆ ಹೋಗಿಬರುವ ಸಂದೇಶಗಳು ಸರಿಯಾಗಿ ಸಾಗುತ್ತಿಲ್ಲ. ಆದ್ದರಿಂದಲೇ ಸಾಮಾನ್ಯ ಸ್ಕ್ಯಾನ್‌ನಲ್ಲಿ ಇದು ಕಾಣುವುದಿಲ್ಲ. ರೋಗಿ ಬೇಕೆಂದು ಮಾಡುತ್ತಿರುವುದು ಖಂಡಿತ ಅಲ್ಲ.

ಹಿಂದೆ ಇದನ್ನು ‘ಹಿಸ್ಟೀರಿಯಾ’ ಎನ್ನುತ್ತಿದ್ದರು. ಗರ್ಭಕೋಶ ಎಂಬರ್ಥದ ಗ್ರೀಕ್ ಪದದಿಂದ ಬಂದ ಹೆಸರದು. ಹೆಂಗಸರಲ್ಲಿ ಹೆಚ್ಚಾಗಿ ಕಂಡರೂ ಗಂಡಸರಿಗೂ ಮಕ್ಕಳಿಗೂ ಬರುತ್ತದೆ. ಮಾನಸಿಕ ಆಘಾತವೇ ಕಾರಣ ಎಂಬ ನಂಬಿಕೆಯೂ ಇತ್ತು. 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ತನ್ನ ಕೈಪಿಡಿಯಲ್ಲಿ ಆ ಷರತ್ತನ್ನು ಕೈಬಿಟ್ಟಿತು. ಮನಸ್ಸಿನ ಒತ್ತಡ ಕೆಲವರಲ್ಲಿ ಕಾರಣವಾಗಬಹುದು. ಇನ್ನು ಕೆಲವರಲ್ಲಿ ಸಣ್ಣ ಪೆಟ್ಟು, ಮೈಗ್ರೇನ್ ಅಥವಾ ಬೇರೊಂದು ಕಾಯಿಲೆಯ ನಂತರ ಶುರುವಾಗಬಹುದು.

ಪತ್ತೆ ಹಚ್ಚುವುದು ಹೇಗೆ?

ಸ್ಕ್ಯಾನ್ ಸರಿಯಿದೆ ಎಂಬ ಒಂದೇ ಕಾರಣಕ್ಕೆ ಈ ಹೆಸರು ಕೊಡುವುದಿಲ್ಲ. ಇದಕ್ಕೆ ತನ್ನದೇ ಆದ ಲಕ್ಷಣಗಳಿವೆ. 1908ರಲ್ಲಿ ಅಮೆರಿಕದ ವೈದ್ಯ ಚಾರ್ಲ್ಸ್ ಹೂವರ್ ವಿವರಿಸಿದ ಪರೀಕ್ಷೆ ಇಂದಿಗೂ ಬಳಕೆಯಲ್ಲಿದೆ. ಮಲಗಿರುವ ರೋಗಿಗೆ ಸೋತ ಕಾಲಿನ ಹಿಮ್ಮಡಿಯನ್ನು ಹಾಸಿಗೆಗೆ ಒತ್ತಲು ಹೇಳಿದರೆ ಆಗುವುದಿಲ್ಲ. ಗಟ್ಟಿಯಿರುವ ಕಾಲನ್ನು ವೈದ್ಯರ ಕೈಗೆ ವಿರುದ್ಧವಾಗಿ ಎತ್ತಲು ಹೇಳಿದರೆ, ಅದೇ ಸೋತ ಕಾಲು ತಾನಾಗಿ ಬಲವಾಗಿ ಒತ್ತುತ್ತದೆ. ಇದು ರೋಗಿಯನ್ನು ಸಿಕ್ಕಿಹಾಕಿಸುವ ತಂತ್ರವಲ್ಲ. ಶಕ್ತಿ ಅಲ್ಲಿಯೇ ಇದೆ, ಮರಳಿ ಪಡೆಯಬಹುದು ಎಂಬ ಶುಭಸೂಚನೆ.

ಚಿಕಿತ್ಸೆ ಮತ್ತು ಮನೆಯವರ ಪಾತ್ರ

ರೋಗವನ್ನು ಚೆನ್ನಾಗಿ ವಿವರಿಸಿ ಹೇಳುವುದೇ ಚಿಕಿತ್ಸೆಯ ಮೊದಲ ಹೆಜ್ಜೆ. ನಂತರ ಈ ತೊಂದರೆ ಬಲ್ಲ ಫಿಸಿಯೋಥೆರಪಿಸ್ಟ್, ಸೋತ ಅಂಗದ ಮೇಲಿನ ಗಮನವನ್ನು ಬೇರೆಡೆಗೆ ತಿರುಗಿಸಿ ನಡಿಗೆ ಕಲಿಸುತ್ತಾರೆ. ಕೆಲವರಿಗೆ ಮಾತಿನ ಚಿಕಿತ್ಸೆ, ಆಪ್ತಸಮಾಲೋಚನೆ ನೆರವಾಗುತ್ತವೆ. ನಿದ್ರಾಹೀನತೆ, ನೋವು, ಖಿನ್ನತೆ ಇದ್ದರೆ ಅವುಗಳಿಗೂ ಚಿಕಿತ್ಸೆ ಬೇಕು. ಕೆಲವರು ಬೇಗ ಗುಣವಾಗುತ್ತಾರೆ, ಕೆಲವರಿಗೆ ವರ್ಷಗಳೇ ಹಿಡಿಯಬಹುದು.

ಇಲ್ಲಿ ಮನೆಯವರ ನಾಲಿಗೆ ಬಹಳ ಮುಖ್ಯ. “ಎಲ್ಲಾ ನಾಟಕ”, “ಮನಸ್ಸು ಗಟ್ಟಿ ಮಾಡಿಕೊಂಡರೆ ಏಳಬಹುದು” ಎಂಬ ಮಾತುಗಳು ರೋಗಿಯನ್ನು ಇನ್ನಷ್ಟು ಕುಗ್ಗಿಸುತ್ತವೆ. ಅತ್ತೆಯಾಗಲಿ ಸೊಸೆಯಾಗಲಿ, ಕಾಲೇಜಿಗೆ ಹೋಗುವ ಮಗನಾಗಲಿ, “ನಿನ್ನ ಕಷ್ಟ ನಿಜ, ನಿಧಾನವಾಗಿ ಸರಿಹೋಗಬಹುದು, ನಾವಿದ್ದೇವೆ” ಎನ್ನೋಣ. ದೃಷ್ಟಿ ತೆಗೆಯುವುದು, ಹರಕೆ ಹೊರುವುದು ಅವರವರ ನಂಬಿಕೆ. ಅದಕ್ಕಾಗಿ ವೈದ್ಯರ ಭೇಟಿ ತಪ್ಪದಿರಲಿ. ಎಲ್ಲ ಕೆಲಸವನ್ನೂ ನಾವೇ ಮಾಡಿಕೊಡುವ ಬದಲು, ಅವರು ಮಾಡಬಲ್ಲಷ್ಟನ್ನು ಅವರಿಗೇ ಬಿಡೋಣ.

ಕೊನೆಯದಾಗಿ ಒಂದು ಎಚ್ಚರಿಕೆ. ಎಫ್.ಎನ್.ಡಿ. ಇರುವವರಿಗೂ ಸ್ಟ್ರೋಕ್ ಆಗಬಹುದು. ಹೊಸದಾಗಿ ಮುಖ ಜೋತರೆ, ಕೈ ಸೋತರೆ, ಮಾತು ತೊದಲಿದರೆ “ಹಿಂದಿನದೇ ಇರಬೇಕು” ಎಂದು ಸುಮ್ಮನಾಗದೆ ಮತ್ತೆ 999ಕ್ಕೆ ಕರೆ ಮಾಡೋಣ.