ಪರದೆ ಮೇಲೆ ನಾಯಿ, ಸೀಟಲ್ಲಿ ಕಣ್ಣೀರು: ಶ್ವಾನಪ್ರಿಯರು ಯಾಕೆ ಹೀಗೆ ಅಳ್ತಾರೆ?

ಸಿನಿಮಾ ನೋಡುತ್ತಾ ಅಳೋದು ಅಂದ್ರೆ ನಮ್ಮಲ್ಲಿ ಬಹಳ ಜನಕ್ಕೆ ಮುಜುಗರ. ನಾಯಕ ಸತ್ತರೂ, ನಾಯಕನ ತಾಯಿ ಸತ್ತರೂ ಪಾಪ್‌ಕಾರ್ನ್ ತಿನ್ನೋದು ನಿಲ್ಲಲ್ಲ. ಆದರೆ ಪರದೆ ಮೇಲೆ ಒಂದು ನಾಯಿ ಬಾಗಿಲ ಕಡೆ ಮುಖ ಮಾಡಿ ಸುಮ್ಮನೆ ಮಲಗಿದರೆ ಸಾಕು, ಇಡೀ ಸಾಲು ಮೂಗು ಒರೆಸಿಕೊಳ್ಳೋಕೆ ಶುರು ಮಾಡುತ್ತೆ. 2022ರ ಜೂನ್ 10ರಂದು ಕಿರಣ್‌ರಾಜ್ ಕೆ. ನಿರ್ದೇಶನದ ‘777 ಚಾರ್ಲಿ’ ಬಿಡುಗಡೆಯಾದಾಗ ಇದನ್ನು ಎಲ್ಲರೂ ಕಂಡೆವು. ಆಗ ಮುಖ್ಯಮಂತ್ರಿಯಾಗಿದ್ದ ಬಸವರಾಜ ಬೊಮ್ಮಾಯಿ ಅವರೇ ಸಿನಿಮಾ ನೋಡಿ ಕ್ಯಾಮೆರಾಗಳ ಎದುರು ಕಣ್ಣೀರಿಟ್ಟರು. ಅದರ ಹಿಂದಿನ ವರ್ಷವಷ್ಟೇ ಅವರ ಮನೆಯ ನಾಯಿ ತೀರಿಕೊಂಡಿತ್ತು.

ನಾಯಿ ಸಾಕಿದವರು ಈ ಸಿನಿಮಾಗಳನ್ನು ನೋಡುವ ರೀತಿಯೇ ಬೇರೆ. ಕೆಲವರು ಟಿಕೆಟ್ ಬುಕ್ ಮಾಡೋ ಮುಂಚೆ ‘ಕೊನೆಗೆ ನಾಯಿ ಸಾಯುತ್ತಾ?’ ಅಂತ ಕೇಳ್ತಾರೆ. ಹೌದು ಅಂದ್ರೆ ಬರೋದೇ ಇಲ್ಲ. ಕೆಲವರು ಸಾಯುತ್ತೆ ಅಂತ ಗೊತ್ತಿದ್ದೂ ಮೂರು ಸಲ ನೋಡ್ತಾರೆ. ಇನ್ನು ಕೆಲವರು ಇಂಟರ್ವಲ್‌ನಲ್ಲೇ ಮನೆಗೆ ವಿಡಿಯೋ ಕಾಲ್ ಮಾಡಿ, ‘ಅಮ್ಮ, ಒಂದ್ಸಲ ಟಾಮಿ ತೋರಿಸು’ ಅಂತಾರೆ. ಇದನ್ನೆಲ್ಲ ‘ಸೆಂಟಿಮೆಂಟ್’ ಅಂತ ತಳ್ಳಿಹಾಕೋದು ಸುಲಭ. ಆದರೆ ಎಂಜಿನಿಯರಿಂಗ್ ಓದುವ ನಾವು ಯಾವುದೇ ಯಂತ್ರ ಕಂಡರೂ ಬಿಚ್ಚಿ ನೋಡುವವರು. ಈ ಕಣ್ಣೀರನ್ನೂ ಒಮ್ಮೆ ಬಿಚ್ಚಿ ನೋಡೋಣ.

1. ನಾಯಿಯ ಮುಖ, ನಮ್ಮ ಮಿದುಳು

ಮೊದಲು ಜೀವಶಾಸ್ತ್ರ. ಜಪಾನಿನ ಅಜಾಬು ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ನಾಯಿ ಮತ್ತು ಅದರ ಯಜಮಾನ ಹೆಚ್ಚು ಹೊತ್ತು ಕಣ್ಣಲ್ಲಿ ಕಣ್ಣಿಟ್ಟು ನೋಡಿದಾಗ ಇಬ್ಬರಲ್ಲೂ ಆಕ್ಸಿಟೋಸಿನ್ ಹಾರ್ಮೋನ್ ಏರಿತು. ತಾಯಿ–ಮಗುವಿನ ಬಾಂಧವ್ಯದಲ್ಲಿ ಕೆಲಸ ಮಾಡುವ ಹಾರ್ಮೋನ್ ಇದೇ. ನಾಯಿ ನೋಡಿದರೆ ನಮ್ಮಲ್ಲಿ ಏರುತ್ತೆ, ನಾವು ಮುದ್ದು ಮಾಡುತ್ತೇವೆ, ಆಗ ನಾಯಿಯಲ್ಲೂ ಏರುತ್ತೆ, ಅದು ಮತ್ತೆ ನೋಡುತ್ತೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಪಾಸಿಟಿವ್ ಫೀಡ್‌ಬ್ಯಾಕ್ ಲೂಪ್. ಮನುಷ್ಯರೇ ಸಾಕಿದ ತೋಳಗಳಲ್ಲಿ ಈ ಲೂಪ್ ಕಾಣಲಿಲ್ಲ.

2019ರಲ್ಲಿ ಇನ್ನೊಂದು ತಂಡ ನಾಯಿ ಮತ್ತು ತೋಳಗಳ ಮುಖದ ಸ್ನಾಯುಗಳನ್ನು ಹೋಲಿಸಿತು. ಹುಬ್ಬಿನ ಒಳತುದಿಯನ್ನು ಮೇಲೆತ್ತುವ ಸ್ನಾಯು ನಾಯಿಗಳಲ್ಲಿ ಚೆನ್ನಾಗಿ ಬೆಳೆದಿತ್ತು, ತೋಳಗಳಲ್ಲಿ ಹೆಸರಿಗೆ ಒಂದಿಷ್ಟು ಎಳೆಗಳಿದ್ದವು. ಆ ಹುಬ್ಬು ಮೇಲೆದ್ದಾಗ ಕಣ್ಣು ದೊಡ್ಡದಾಗಿ, ಮುಖ ದುಃಖದಲ್ಲಿರುವ ಮಗುವಿನ ಹಾಗೆ ಕಾಣುತ್ತೆ. ಬಿಸ್ಕತ್ ತಿನ್ನುವಾಗ ಎದುರು ಬಂದು ಕೂರುವ ಕ್ಯಾಂಟೀನ್ ನಾಯಿಯ ಮುಖ ನೆನಪಿಸಿಕೊಳ್ಳಿ, ಅದೇ ಸ್ನಾಯು. ಕ್ಲೋಸಪ್‌ನಲ್ಲಿ ಅದೇ ಮುಖ ನಲವತ್ತು ಅಡಿ ಅಗಲಕ್ಕೆ ಬಂದರೆ ನಮ್ಮ ಗತಿ ಏನು?

2. ನಾಯಿ ನಟಿಸುತ್ತಾ?

ಇಲ್ಲಿ ಸಿನಿಮಾದವರ ಕೈಚಳಕ ಇದೆ. ರಷ್ಯಾದ ಲೆವ್ ಕುಲೆಶೋವ್ ನೂರು ವರ್ಷದ ಹಿಂದೆಯೇ ತೋರಿಸಿದ ವಿಷಯ ಇದು. ಯಾವ ಭಾವವೂ ಇಲ್ಲದ ಒಂದೇ ಮುಖವನ್ನು ಒಮ್ಮೆ ಸೂಪ್ ತಟ್ಟೆಯ ಪಕ್ಕ, ಇನ್ನೊಮ್ಮೆ ಶವಪೆಟ್ಟಿಗೆಯ ಪಕ್ಕ ಜೋಡಿಸಿದರೆ ಪ್ರೇಕ್ಷಕರು ಒಮ್ಮೆ ಹಸಿವನ್ನೂ ಇನ್ನೊಮ್ಮೆ ದುಃಖವನ್ನೂ ಅದರಲ್ಲಿ ಕಾಣುತ್ತಾರೆ. ನಾಯಿ ಸಿನಿಮಾ ನಿಂತಿರೋದೇ ಇದರ ಮೇಲೆ. ಟ್ರೈನರ್ ಕೈಯಲ್ಲಿರೋ ತಿಂಡಿಯನ್ನು ನಾಯಿ ತದೇಕಚಿತ್ತದಿಂದ ನೋಡುತ್ತಿರಬಹುದು. ಮುಂದಿನ ಶಾಟ್‌ನಲ್ಲಿ ಖಾಲಿ ಕುರ್ಚಿ ತೋರಿಸಿದರೆ, ‘ಅಯ್ಯೋ ಪಾಪ, ಯಜಮಾನನ್ನ ಹುಡುಕ್ತಿದೆ’ ಅಂತ ನಾವೇ ಅರ್ಥ ತುಂಬಿಕೊಳ್ತೇವೆ.

ಮನುಷ್ಯ ನಟ ಅತ್ತರೆ ‘ಓವರ್ ಆ್ಯಕ್ಟಿಂಗ್’ ಅನ್ನಬಹುದು. ನಾಯಿಗೆ ಹಾಗನ್ನೋಕೆ ಆಗಲ್ಲ. ಅದು ಡೈಲಾಗ್ ಹೇಳಲ್ಲ, ನಮ್ಮ ಅಳು ಬೇಕು ಅಂತ ಕೇಳಲ್ಲ. ಖಾಲಿ ಬಿಟ್ಟ ಜಾಗದಲ್ಲಿ ನಮ್ಮ ಮನೆಯ ನಾಯಿ ಬಂದು ಕೂರುತ್ತೆ. ನಾಯಿ ಸಾಕದವರು ಚಾರ್ಲಿಯನ್ನು ನೋಡಿ ಬರುತ್ತಾರೆ, ಸಾಕಿದವರು ಚಾರ್ಲಿಯಲ್ಲಿ ತಮ್ಮ ಕರಿಯನನ್ನೋ ರಾಜನನ್ನೋ ನೋಡಿ ಬರುತ್ತಾರೆ.

3. ನಮಗೆ ಗೊತ್ತು, ಅದಕ್ಕೆ ಗೊತ್ತಿಲ್ಲ

ಆದರೆ ಮುಖ, ಎಡಿಟಿಂಗ್ ಎರಡರಿಂದಲೇ ಅಳು ಬರಲ್ಲ. ಕಥೆಯ ಒಳಗೆ ಇನ್ನೊಂದು ಎಂಜಿನ್ ಇದೆ. ಅದನ್ನು ಹಾಚಿಕೋ ಕಥೆಯಲ್ಲಿ ಸ್ಪಷ್ಟವಾಗಿ ನೋಡಬಹುದು.

ಹಾಚಿಕೋ ನಿಜವಾಗಿ ಬದುಕಿದ್ದ ಅಕಿಟಾ ತಳಿಯ ನಾಯಿ. ಯಜಮಾನ ಉಯೆನೋ ಹಿದೆಸಬುರೋ ಟೋಕಿಯೋ ಇಂಪೀರಿಯಲ್ ವಿಶ್ವವಿದ್ಯಾಲಯದ ಪ್ರೊಫೆಸರ್, ಅದರಲ್ಲೂ ನಮ್ಮ ಕಡೆಯವರೇ: ಜಪಾನಿನಲ್ಲಿ ಕೃಷಿ ಎಂಜಿನಿಯರಿಂಗ್ ಕಟ್ಟಿದವರಲ್ಲಿ ಒಬ್ಬರು. 1925ರ ಮೇ ತಿಂಗಳಲ್ಲಿ ಅವರು ಕೆಲಸದ ಜಾಗದಲ್ಲೇ ತೀರಿಕೊಂಡರು. ನಾಯಿ ಶಿಬುಯಾ ಸ್ಟೇಷನ್ನಿಗೆ ಬರೋದು ನಿಲ್ಲಿಸಲಿಲ್ಲ, 1935ರ ಮಾರ್ಚ್ 8ರಂದು ಸಾಯುವ ತನಕ. 1934ರಲ್ಲಿ ಸ್ಟೇಷನ್ ಎದುರು ಅದರ ಕಂಚಿನ ಪ್ರತಿಮೆ ನಿಲ್ಲಿಸಿದಾಗ ಹಾಚಿಕೋ ಇನ್ನೂ ಬದುಕಿತ್ತು. 1987ರಲ್ಲಿ ಜಪಾನಿನಲ್ಲೂ, 2009ರಲ್ಲಿ ರಿಚರ್ಡ್ ಗೇರ್ ಜೊತೆ ಅಮೆರಿಕದಲ್ಲೂ ಇದು ಸಿನಿಮಾ ಆಯಿತು. ಅಮೆರಿಕದವರು ಪ್ರೊಫೆಸರನ್ನು ಸಂಗೀತದ ಮೇಷ್ಟ್ರು ಮಾಡಿಬಿಟ್ಟರು, ಅದೊಂದು ಬೇಜಾರು.

ಈ ಕಥೆಯಲ್ಲಿ ನಮ್ಮನ್ನು ಅಳಿಸೋದು ಸಾವಲ್ಲ. ಪ್ರೊಫೆಸರ್ ಸತ್ತದ್ದು ನಮಗೆ ಗೊತ್ತು, ನಾಯಿಗೆ ಗೊತ್ತಿಲ್ಲ. ಈ ಅಂತರವೇ ಎಂಜಿನ್. ರೈಲು ಬಂದಾಗಲೆಲ್ಲ ಅದು ತಲೆ ಎತ್ತುತ್ತೆ, ನಾವು ತಲೆ ತಗ್ಗಿಸುತ್ತೇವೆ. ‘777 ಚಾರ್ಲಿ’ಯಲ್ಲೂ ಅಷ್ಟೇ. ಕ್ಯಾನ್ಸರ್ ಇದೆ ಅಂತ ರಕ್ಷಿತ್ ಶೆಟ್ಟಿಯ ಧರ್ಮನಿಗೆ ಗೊತ್ತು, ಚಾರ್ಲಿಗೆ ಗೊತ್ತಿಲ್ಲ. ಅದಕ್ಕೆ ಹಿಮ ಬೇಕು, ಆಟ ಬೇಕು. 1957ರ ‘ಓಲ್ಡ್ ಯೆಲ್ಲರ್’ನಲ್ಲಿ ರೇಬಿಸ್ ತಗುಲಿದ ನಾಯಿಯನ್ನು ಅದನ್ನು ಪ್ರೀತಿಸಿದ ಹುಡುಗನೇ ಗುಂಡಿಟ್ಟು ಕೊಲ್ಲಬೇಕಾಗುತ್ತೆ. ಯಾಕೆ ಅಂತ ನಾಯಿಗೆ ಹೇಳುವ ಭಾಷೆ ಅವನ ಹತ್ತಿರ ಇಲ್ಲ. ಬೇರೆ ಬೇರೆ ದೇಶ, ಬೇರೆ ಬೇರೆ ಕಾಲ, ಸೂತ್ರ ಒಂದೇ.

ಹಾಸ್ಟೆಲ್‌ನಲ್ಲಿರುವವರಿಗೆ ಈ ಸೂತ್ರ ಇನ್ನೂ ಒಂದು ಕಡೆ ಚುಚ್ಚುತ್ತೆ. ಬ್ಯಾಗ್ ಹೆಗಲಿಗೇರಿಸಿ ಮನೆ ಬಿಟ್ಟು ಬಂದ ದಿನ ಗೇಟಿನ ತನಕ ಬಂದ ನಾಯಿಗೆ ಸೆಮಿಸ್ಟರ್ ಅಂದ್ರೆ ಏನಂತ ಗೊತ್ತಿರಲಿಲ್ಲ. ‘ದೀಪಾವಳಿಗೆ ಬರ್ತೀನಿ ಕಣೋ’ ಅಂದಿದ್ದು ಅದಕ್ಕೆ ಅರ್ಥವಾಗಲಿಲ್ಲ. ಸಂಜೆ ಬಸ್ಸಿನ ಸದ್ದಿಗೆ ಎದ್ದು ಕೂರುತ್ತೆ ಅಂತ ಅಮ್ಮ ಫೋನಲ್ಲಿ ಹೇಳುತ್ತಾರೆ. ಹಾಚಿಕೋ ನೋಡುವಾಗ ನಾವು ಬರೀ ಪ್ರೇಕ್ಷಕರಲ್ಲ. ಬದುಕಿದ್ದೂ ವಾಪಸ್ ಬಾರದ ಪ್ರೊಫೆಸರ್ ನಾವೇ.

4. ‘ಮನುಷ್ಯ ಸತ್ತರೆ ಅಳಲ್ಲ, ನಾಯಿಗೆ ಅಳ್ತೀರಾ!’

ಈ ಮಾತು ಕೇಳದ ಶ್ವಾನಪ್ರಿಯರಿಲ್ಲ. ಅಮೆರಿಕದ ಸಂಶೋಧಕರು 256 ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆಸಿ, 2017ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇಲ್ಲಿ ನೆರವಿಗೆ ಬರುತ್ತೆ. ಒಂದು ಹಲ್ಲೆಯ ಕಾಲ್ಪನಿಕ ಸುದ್ದಿಯನ್ನು ಅವರಿಗೆ ಓದಲು ಕೊಟ್ಟರು. ಏಟು ತಿಂದವರು ಒಬ್ಬೊಬ್ಬರ ಪ್ರತಿಯಲ್ಲಿ ಒಬ್ಬೊಬ್ಬರು: ಒಂದು ವರ್ಷದ ಮಗು, ವಯಸ್ಕ ಮನುಷ್ಯ, ನಾಯಿಮರಿ, ಆರು ವರ್ಷದ ನಾಯಿ. ಮಗುವಿಗೂ ನಾಯಿಮರಿಗೂ ಹೆಚ್ಚುಕಡಿಮೆ ಒಂದೇ ಮಟ್ಟದ ಮರುಕ ಸಿಕ್ಕಿತು. ಎಲ್ಲರಿಗಿಂತ ಕಡಿಮೆ ಮರುಕ ಸಿಕ್ಕಿದ್ದು ವಯಸ್ಕ ಮನುಷ್ಯನಿಗೆ.

ಅಂದರೆ ನಮ್ಮ ಮನಸ್ಸು ‘ಮನುಷ್ಯನೋ ನಾಯಿಯೋ’ ಅಂತ ಮಾತ್ರ ಲೆಕ್ಕ ಹಾಕಲ್ಲ, ‘ತನ್ನನ್ನು ತಾನು ಕಾಪಾಡಿಕೊಳ್ಳುವ ಶಕ್ತಿ ಇದೆಯೋ ಇಲ್ಲವೋ’ ಅಂತ ನೋಡುತ್ತೆ. ನಾಯಿಗೆ ಎಷ್ಟೇ ವಯಸ್ಸಾದರೂ ನಮ್ಮ ಲೆಕ್ಕದಲ್ಲಿ ಅದು ಮಗುವೇ. ಪುಣ್ಯಕೋಟಿಯ ಕಥೆ ಕೇಳಿ ಬೆಳೆದ ನಮಗೆ ಇದೇನೂ ಹೊಸದಲ್ಲ.

5. ರಜೆ ಅರ್ಜಿಯಲ್ಲಿ ಜಾಗವಿಲ್ಲದ ದುಃಖ

ನಮ್ಮ ಪ್ರಕಾರ ಈ ಕಣ್ಣೀರಿನ ಮುಖ್ಯ ಕಾರಣ ಇದು. ಅಮೆರಿಕದ ಕೆನೆತ್ ಡೋಕಾ ಅನ್ನೋ ವಿದ್ವಾಂಸರು 1980ರ ದಶಕದಲ್ಲಿ ಒಂದು ಬಗೆಯ ದುಃಖಕ್ಕೆ ಹೆಸರು ಕೊಟ್ಟರು. ಸಮಾಜ ದುಃಖ ಅಂತ ಒಪ್ಪದ, ಬಹಿರಂಗವಾಗಿ ಅಳಲು ಹಕ್ಕು ಕೊಡದ ದುಃಖ. ಕನ್ನಡದಲ್ಲಿ ‘ಹಕ್ಕಿಲ್ಲದ ದುಃಖ’ ಅನ್ನಬಹುದು. ಸಾಕುಪ್ರಾಣಿಯ ಸಾವು ಇದಕ್ಕೆ ದೊಡ್ಡ ಉದಾಹರಣೆ.

ಅಜ್ಜಿ ತೀರಿಕೊಂಡರೆ ರಜೆ ಅರ್ಜಿ ಬರೆಯಬಹುದು. ಹನ್ನೆರಡು ವರ್ಷ ಜೊತೆಗಿದ್ದ ನಾಯಿ ಸತ್ತಿತು ಅಂತ ಬರೆದು ಕೊಟ್ಟರೆ ಸಹಿ ಬೀಳುತ್ತಾ? ಎಷ್ಟೋ ಮನೆಗಳಲ್ಲಿ ವಿಷಯವನ್ನೇ ಹೇಳಲ್ಲ. ‘ಇಂಟರ್ನಲ್ಸ್ ನಡೀತಿತ್ತಲ್ಲ ಮಗಾ, ಅದಕ್ಕೆ ಹೇಳಲಿಲ್ಲ’ ಅಂತ ತಿಂಗಳಾದ ಮೇಲೆ ತಿಳಿಯುತ್ತೆ. ಹನ್ನೊಂದನೇ ದಿನ ಇಲ್ಲ, ತಿಥಿ ಇಲ್ಲ, ಮಾತಾಡಿಸೋಕೆ ಬರೋರಿಲ್ಲ. ರೂಮ್‌ಮೇಟ್ ‘ಇನ್ನೊಂದು ತಗೊಂಡ್ರಾಯ್ತು ಬಿಡೋ’ ಅಂತಾನೆ. ಹೊರಬರದೆ ಉಳಿದ ಆ ದುಃಖ ಮೂರು ವರ್ಷ ಆದ ಮೇಲೆ ಯಾವುದೋ ಸಿನಿಮಾದ ಕತ್ತಲಲ್ಲಿ ದಾರಿ ಹುಡುಕಿಕೊಳ್ಳುತ್ತೆ. ಅಲ್ಲಿ ಯಾರೂ ಕಾರಣ ಕೇಳಲ್ಲ, ಪಕ್ಕದವನೂ ಅಳ್ತಿದ್ದಾನೆ. ಥಿಯೇಟರ್ ಆ ಎರಡೂವರೆ ಗಂಟೆ ಸಾವಿನ ಮನೆಯ ಜಗುಲಿ ಆಗುತ್ತೆ.

ನಮ್ಮ ನಾಡಿನಲ್ಲಿ ಯಾವಾಗಲೂ ಹೀಗೇ ಇತ್ತಾ? ಇಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಸಿಕ್ಕ, ಕ್ರಿ.ಶ. 949–50ರ ವೀರಗಲ್ಲು ಇದಕ್ಕೆ ಸಾಕ್ಷಿ. ತಕ್ಕೋಲದ ಯುದ್ಧದಲ್ಲಿ ಶೌರ್ಯ ತೋರಿದ ಮಣಲೇರನಿಗೆ ಗಂಗರ ದೊರೆ ಇಮ್ಮಡಿ ಬೂತುಗ ಬೇಕಾದ್ದು ಕೇಳು ಅಂದ. ಮಣಲೇರ ಕೇಳಿದ್ದು ಕಾಳಿ ಅನ್ನೋ ಬೇಟೆನಾಯಿಯನ್ನು. ಮುಂದೆ ಕಾಳಿ ದೊಡ್ಡ ಕಾಡುಹಂದಿಯೊಂದಿಗೆ ಹೋರಾಡಿತು, ಎರಡೂ ಸತ್ತವು. ಮಣಲೇರ ಕಾಳಿಗಾಗಿ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನೂ ಬಿಟ್ಟ. ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ಮ್ಯೂಸಿಯಂನಲ್ಲಿ ಆ ಕಲ್ಲನ್ನು ಇವತ್ತಿಗೂ ನೋಡಬಹುದು, ನಾಯಿ ಹಂದಿಯ ಮೇಲೆರಗಿದ ಚಿತ್ರ ಸಮೇತ. ಸಾವಿರ ವರ್ಷದ ಹಿಂದೆ ಒಬ್ಬ ಯೋಧ ನಾಯಿಗಾಗಿ ಊರೆದುರೇ ದುಃಖಪಟ್ಟ. ಅವನನ್ನು ಯಾರೂ ವೀರನಲ್ಲ ಅನ್ನಲಿಲ್ಲ. ಚಾರ್ಲಿಗಾಗಿ ಅತ್ತ ಮೆಕ್ಯಾನಿಕಲ್ ಹುಡುಗನನ್ನು ಗುಂಪಿನಲ್ಲಿ ರೇಗಿಸುವ ಮುಂಚೆ ಇದು ನೆನಪಿರಲಿ.

6. ಕಣ್ಣು ಒರೆಸಿಕೊಂಡ ಮೇಲೆ

ಹಾಗಂತ ಅತ್ತರೆ ಸಾಕು ಅಂತಲ್ಲ. ಅಳು ತಪ್ಪು ದಾರಿಯನ್ನೂ ಹಿಡಿಯಬಹುದು. ನಾಯಿಗಳಿರುವ 87 ಸಿನಿಮಾಗಳನ್ನೂ ಅಮೆರಿಕನ್ ಕೆನಲ್ ಕ್ಲಬ್‌ನ ನೋಂದಣಿಗಳನ್ನೂ ಹೋಲಿಸಿದ 2014ರ ಅಧ್ಯಯನವೊಂದರ ಪ್ರಕಾರ, ಜನಪ್ರಿಯ ಸಿನಿಮಾದಲ್ಲಿ ಕಂಡ ತಳಿಗೆ ಬೇಡಿಕೆ ಏರುತ್ತೆ, ಪರಿಣಾಮ ಹತ್ತು ವರ್ಷದವರೆಗೂ ಉಳಿಯಬಹುದು. ಸಿನಿಮಾ ನೋಡಿ ಮರಿ ತರುತ್ತಾರೆ. ಅದು ಚಪ್ಪಲಿ ಕಚ್ಚಿದಾಗ, ಕೂದಲು ಉದುರಿಸಿದಾಗ ರಸ್ತೆಗೆ ಬಿಡುವವರೂ ಇರುತ್ತಾರೆ.

ಇಲ್ಲಿ ಒಂದು ವಿಪರ್ಯಾಸ ಗಮನಿಸಿ. ಚಾರ್ಲಿಯ ಕಾಯಿಲೆಗೆ ಸಿನಿಮಾ ಕೊಡುವ ಕಾರಣವೇ ದುಡ್ಡಿಗಾಗಿ ರಕ್ತಸಂಬಂಧದೊಳಗೆ ಮರಿ ಹಾಕಿಸುವ ದಂಧೆ. ಆ ಸಿನಿಮಾ ನೋಡಿ ಅತ್ತು, ಮರುದಿನ ಅಂಥದೇ ಕಡೆ ಹೋಗಿ ಲ್ಯಾಬ್ರಡಾರ್ ಮರಿ ಕೊಂಡರೆ ನಾವು ಸಿನಿಮಾ ನೋಡೇ ಇಲ್ಲ ಅಂತ ಅರ್ಥ.

ಅತ್ತವರು ಮಾಡಬಹುದಾದ ಕೆಲಸಗಳು ಸಣ್ಣವೇ. ಕ್ಯಾಂಪಸ್ಸಿನ ಬೀದಿನಾಯಿಯ ಕಿವಿಯ ತುದಿ ಕತ್ತರಿಸಿದ ಗುರುತಿದೆಯಾ ನೋಡಿ. ಇದ್ದರೆ ಸಂತಾನಹರಣ ಆಗಿದೆ ಅಂತ ಅರ್ಥ, ಇಲ್ಲದಿದ್ದರೆ ಸ್ಥಳೀಯ ಪಾಲಿಕೆಗೋ ಪ್ರಾಣಿದಯಾ ಸಂಘಕ್ಕೋ ತಿಳಿಸಿ. ರೇಬಿಸ್ ಲಸಿಕೆ ಪ್ರತಿ ವರ್ಷ ಬೇಕು. ನಾಯಿಗೆ ಹೆದರುವ ಸಹಪಾಠಿಗಳೂ ಇದ್ದಾರೆ, ಅವರ ಹೆದರಿಕೆಯೂ ನಿಜವೇ. ಹಾಗಾಗಿ ಊಟ ಹಾಕುವ ಜಾಗ ಓಡಾಡುವ ದಾರಿಯಿಂದ ದೂರ ಇರಲಿ.

ಕೊನೆಗೊಂದು ಅಭ್ಯಾಸ. ನಿಮ್ಮನ್ನು ಅಳಿಸಿದ ನಾಯಿ ಸಿನಿಮಾದ ದೃಶ್ಯವೊಂದನ್ನು ಸೌಂಡ್ ಮ್ಯೂಟ್ ಮಾಡಿ ಮತ್ತೆ ನೋಡಿ. ನಾಯಿ ನಿಜವಾಗಿ ಏನು ಮಾಡುತ್ತಿದೆ, ನಾವು ಸೇರಿಸಿಕೊಂಡದ್ದು ಏನು ಅಂತ ಎರಡು ಕಾಲಂನಲ್ಲಿ ಬರೆಯಿರಿ. ಎರಡನೇ ಕಾಲಂ ಉದ್ದವಾಗುತ್ತೆ. ಅದರಲ್ಲಿ ನಿಮ್ಮ ಮನೆಯ ಗೇಟು, ಒಂದು ಹಳೆಯ ಬೆಲ್ಟು, ಒಂದು ಹೆಸರು ಇದ್ದರೆ ಈ ವಾರ ಮನೆಗೆ ಫೋನ್ ಮಾಡಿದಾಗ ಆ ಹೆಸರನ್ನು ಬಾಯಿಬಿಟ್ಟು ಹೇಳಿ. ಅಪ್ಪನೂ ಬಹುಶಃ ಅದಕ್ಕೇ ಕಾಯ್ತಿರುತ್ತಾರೆ.