ಕಾರಣಿಕದ ಮಾತು ಮತ್ತು ಮ್ಯಾಕ್‌ಬೆತ್: ಒಂದು ರಂಗಚಿಂತನೆ

ಪುಣೆ ಜಿಲ್ಲೆಯ ಪುರಂದರ ತಾಲ್ಲೂಕಿನ ಜೇಜುರಿ ಖಂಡೋಬನ ಕ್ಷೇತ್ರ. ಅಲ್ಲಿ ಭಂಡಾರವನ್ನು ಎರಚುತ್ತ ಭಕ್ತರು ಕೂಗುವ ‘ಯೇಳಕೋಟ್ ಯೇಳಕೋಟ್ ಜಯ ಮಲ್ಹಾರ್’ ಎಂಬ ಘೋಷದಲ್ಲಿ ಕನ್ನಡದ ‘ಏಳು ಕೋಟಿ’ಯನ್ನು ವಿದ್ವಾಂಸರು ಗುರುತಿಸಿದ್ದಾರೆ. ಮರಾಠಿಯ ಖಂಡೋಬನೇ ಕನ್ನಡದ ಮೈಲಾರ. ಅಲ್ಲಿಯ ವಾಘ್ಯಾನಿಗೆ ಇಲ್ಲಿಯ ಗೊರವ ಸಂವಾದಿ. ವಾಘ್ಯಾ-ಮುರಳಿಯರ ಜಾಗರಣದಲ್ಲಿ ಕಥೆ, ಹಾಡು, ಕುಣಿತ, ಭಕ್ತಿಗಳು ಒಂದೇ ರಾತ್ರಿಯಲ್ಲಿ ಬೆರೆಯುತ್ತವೆ. ಇಂಥ ಜೀವಂತ ಪ್ರದರ್ಶನಗಳ ನೆನಪುಳ್ಳ ಪ್ರೇಕ್ಷಕನಿಗೆ ಶೇಕ್ಸ್‌ಪಿಯರನ ದುರಂತ ನಾಟಕವೊಂದು ಹೊಸದಾಗಿ ಮುಟ್ಟುವುದು ಹೇಗೆ? ‘ಮ್ಯಾಕ್‌ಬೆತ್’ ನಾಟಕವನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸಬಹುದು.

ಕನ್ನಡಕ್ಕೆ ಈ ನಾಟಕ ಎರಡು ಬಗೆಯಲ್ಲಿ ಬಂದಿತು. ಎಂ. ಎಲ್. ಶ್ರೀಕಂಠೇಶಗೌಡರ ‘ಪ್ರತಾಪರುದ್ರದೇವ’ (1895) ಕಥೆಯನ್ನು ಭಾರತೀಯ ಅರಮನೆಗೆ ತಂದಿತು, ಡಿ. ವಿ. ಜಿ. ಅವರ ‘ಮ್ಯಾಕ್‌ಬೆತ್’ (1936) ಮೂಲದ ಹೆಸರನ್ನು ಉಳಿಸಿಕೊಂಡಿತು. ಇವು ಮುಖ್ಯವಾಗಿ ಪಠ್ಯದ ಸಮಸ್ಯೆಗೆ ದೊರೆತ ಉತ್ತರಗಳು. ರಂಗರೂಪದ ಸಮಸ್ಯೆಯನ್ನು ನೇರವಾಗಿ ಎದುರಿಸಿದವರು ಬಿ. ವಿ. ಕಾರಂತರು. 1979ರಲ್ಲಿ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ರಂಗಮಂಡಲಿಗಾಗಿ, ರಘುವೀರ ಸಹಾಯ್ ಅವರ ಹಿಂದಿ ಅನುವಾದವನ್ನು ‘ಬರ್ನಮ್ ವನ’ ಎಂಬ ಹೆಸರಿನಲ್ಲಿ ಅವರು ಯಕ್ಷಗಾನದ ಅಂಶಗಳೊಡನೆ ನಿರ್ದೇಶಿಸಿದರು. ನಾಟಕದ ಹೆಸರು ನಾಯಕನಿಂದ ಕಾಡಿಗೆ ಸರಿದುದು ಗಮನಾರ್ಹ. ಕಾಡು ಅಲ್ಲಿ ಹೊರಗಿನ ನೆಲೆ ಮಾತ್ರವಲ್ಲ, ಮನುಷ್ಯನನ್ನು ಸುತ್ತಿಕೊಳ್ಳುವ ಮಹತ್ವಾಕಾಂಕ್ಷೆಯೂ ಹೌದು.

ಆದರೂ ಪ್ರತಿಯೊಬ್ಬ ನಿರ್ದೇಶಕನೂ ಎಡವುವ ಜಾಗವೊಂದಿದೆ: ಮೂವರು ಮಾಟಗಾತಿಯರು. ಹೊಗೆ, ಬಣ್ಣದ ಬೆಳಕು, ಕರ್ಕಶ ನಗೆ ಇವುಗಳಿಂದ ಅವರು ಇಂದಿನ ಪ್ರೇಕ್ಷಕನಿಗೆ ಕೇವಲ ಬೆರಗಿನ ವಸ್ತುವಾಗುತ್ತಾರೆ. ಭವಿಷ್ಯವಾಣಿಯನ್ನು ಗಂಭೀರವಾಗಿ ಕೇಳುವ ಅಭ್ಯಾಸ ನಮ್ಮಲ್ಲಿ ಇಲ್ಲವೆ? ಇದೆ. ಇಂದಿನ ವಿಜಯನಗರ ಜಿಲ್ಲೆಯ ಹೂವಿನಹಡಗಲಿ ತಾಲ್ಲೂಕಿನ ಮೈಲಾರದ ಜಾತ್ರೆಯಲ್ಲಿ ಉಪವಾಸವಿದ್ದ ಗೊರವಯ್ಯ ಬಿಲ್ಲನ್ನೇರಿ ‘ಸದ್ದಲೇ’ ಎನ್ನುತ್ತಲೇ ನೆರೆದ ಜನಸಾಗರ ಮೌನವಾಗುತ್ತದೆ. ಒಂದೇ ವಾಕ್ಯ ನುಡಿದು ಅವನು ಕೆಳಕ್ಕೆ ಬೀಳುತ್ತಾನೆ. ಆ ವಾಕ್ಯವನ್ನು ರೈತ ಮಳೆ-ಬೆಳೆಗೆ, ರಾಜಕಾರಣಿ ಅಧಿಕಾರಕ್ಕೆ ಹೊಂದಿಸಿಕೊಳ್ಳುತ್ತಾರೆ. ನುಡಿ ಒಂದು, ಅರ್ಥ ಹಲವು. ಆದರೆ ಎಲ್ಲರ ಕಿವಿಗೂ ಬಿದ್ದ ಆ ನುಡಿ ಯಾರೊಬ್ಬರ ಸ್ವತ್ತೂ ಅಲ್ಲ.

ಮ್ಯಾಕ್‌ಬೆತ್ತನ ದುರಂತ ಇಲ್ಲಿಯೇ ಬೇರೂರಿದೆ. ಅವನು ಕೇಳಿದ್ದನ್ನು ಬ್ಯಾಂಕ್ವೋನೂ ಕೇಳಿದ್ದಾನೆ. ಆಸೆ ಬ್ಯಾಂಕ್ವೋನಲ್ಲೂ ಚಿಗುರದೆ ಇಲ್ಲ. ಆದರೆ ಅವನ ಕೈ ಕತ್ತಿಗೆ ಹೋಗುವುದಿಲ್ಲ. ಮ್ಯಾಕ್‌ಬೆತ್ತನಾದರೋ ಮಾತನ್ನು ತನ್ನದಾಗಿಸಿಕೊಂಡು ಹೆಂಡತಿಗೆ ಪತ್ರ ಬರೆಯುತ್ತಾನೆ. ಕೊಲೆ ಮಾಡೆಂದು ಯಾರೂ ಹೇಳಿರಲಿಲ್ಲ. ಅದು ಅವನೇ ಬರೆದ ವ್ಯಾಖ್ಯಾನ. ಕಾಡು ನಡೆದು ಬರುವ ತನಕ ಸೋಲಿಲ್ಲ ಎಂಬ ನುಡಿಯಲ್ಲೂ ಅವನಿಗೆ ಕೇಳಿಸಿದುದು ಅಭಯ ಮಾತ್ರ.

ಹಾಗೆಂದು ಮಾಟಗಾತಿಯರಿಗೆ ಗೊರವನ ಕಂಬಳಿ, ಕರಡಿಕೂದಲ ಕುಲಾವಿಗಳನ್ನು ತೊಡಿಸುವುದು ಪರಿಹಾರವಲ್ಲ. ಅದು ಭಕ್ತರ ವ್ರತವನ್ನು ಅಲಂಕಾರಕ್ಕೆ ಇಳಿಸುತ್ತದೆ. ದೈವದ ನುಡಿಯನ್ನು ಕೇಡಿನ ನುಡಿಯೊಡನೆ ಸಮೀಕರಿಸುತ್ತದೆ. ರಂಗಭೂಮಿ ಪಡೆಯಬೇಕಾದುದು ವೇಷವನ್ನಲ್ಲ, ಕೇಳುವ ಕ್ರಮವನ್ನು. ಮೊದಲ ಭವಿಷ್ಯವಾಣಿಯನ್ನು ಹೊಗೆಯಿಲ್ಲದ ಬೆಳಕಿನಲ್ಲಿ ಪ್ರೇಕ್ಷಕರಿಗೇ ನುಡಿಯಲಿ. ಬಳಿಕ ಒಂದು ದೀರ್ಘ ಮೌನವಿರಲಿ. ಆ ಮೌನದಲ್ಲಿ ಪ್ರತಿಯೊಬ್ಬನೂ ತನ್ನ ಅರ್ಥವನ್ನು ಕಟ್ಟಿಕೊಂಡಮೇಲೆ ಮ್ಯಾಕ್‌ಬೆತ್ತನ ಅರ್ಥ ಬರಲಿ. ಆಗ ಅವನ ಅಪರಾಧವನ್ನು ನಾವು ದೂರದಿಂದ ನೋಡುವುದಿಲ್ಲ. ಅದರ ಮೊದಲ ಹೆಜ್ಜೆಯನ್ನು ಅವನೊಡನೆ ಇಟ್ಟಿರುತ್ತೇವೆ.

ಕೇಳುವವರಿಂದ ನಾಟಕ ಹೊಸತಾಗುವಂತೆ ಆಡುವವರಿಂದಲೂ ಹೊಸತಾಗುತ್ತದೆ. ಎಚ್. ಎಸ್. ಶಿವಪ್ರಕಾಶರು ಈ ವಸ್ತುವನ್ನೇ ‘ಮಾರನಾಯಕನ ದೃಷ್ಟಾಂತ’ವಾಗಿ ಮರುಸೃಷ್ಟಿಸಿದರು. ಹುಲುಗಪ್ಪ ಕಟ್ಟೀಮನಿ ಅವರ ನಿರ್ದೇಶನದಲ್ಲಿ ಮೈಸೂರಿನ ಸೆರೆವಾಸಿಗಳು ಅದನ್ನು ಆಡಿದರು. ಕೈಗಂಟಿದ ರಕ್ತದ ಕಥೆಯನ್ನು ಶಿಕ್ಷೆ ಅನುಭವಿಸುತ್ತಿರುವವರೇ ಆಡಿದಾಗ ಹೊಸ ದೃಶ್ಯಸಜ್ಜಿಕೆಯ ಅಗತ್ಯವೇನಿದೆ? ಅಭಿಜಾತ ಕೃತಿಯ ನವೀನತೆ ವೇಷಭೂಷಣದಲ್ಲಿಲ್ಲ. ಆ ಮಾತನ್ನು ಯಾರು ನುಡಿಯುತ್ತಾರೆ, ಯಾರು ಕೇಳುತ್ತಾರೆ, ಕೇಳಿದಮೇಲೆ ಯಾರು ಹೊಣೆ ಹೊರುತ್ತಾರೆ ಎಂಬುದರಲ್ಲಿದೆ.