ಬೆರಳಿಟ್ಟು ತೋರಿಸುವ ನೋವು

ನನ್ನ ಮೊಣಕಾಲ ಕೆಳಗಿನ ಎಲುಬಿನಲ್ಲಿ ಬಿರುಕಿತ್ತು. ಅದರ ಮೇಲೆ ಎಣ್ಣೆ ಹಾಕಿಸಿ ತಿಕ್ಕಿಸಿದವನು ನಮ್ಮ ಮಾಮಾ.

ಮಹಾರಾಷ್ಟ್ರದ ಉಮರ್ಗಾ, ನಿಲಂಗಾ ಕಡೆ ನಸುಕಿನಲ್ಲಿ ಹುಡುಗಿಯರು ಓಡುವುದು ಪೊಲೀಸ್ ಭರ್ತಿಗಾಗಿ. ಗ್ರೌಂಡಿಗೆ, ಅಂದರೆ ದೈಹಿಕ ಪರೀಕ್ಷೆಗೆ, ಒಟ್ಟು 50 ಅಂಕ: 800 ಮೀಟರಿಗೆ 20, 100 ಮೀಟರಿಗೆ 15, ಗುಂಡು ಎಸೆತಕ್ಕೆ 15. ಅರ್ಧವಾದರೂ ಬಾರದಿದ್ದರೆ ಲೇಖಿ, ಅಂದರೆ ಬರವಣಿಗೆಯ, ಪರೀಕ್ಷೆಗೆ ಕರೆಯುವುದಿಲ್ಲ. ಲೇಖಿ ಮರಾಠಿಯಲ್ಲಿ. ಮನೆಯಲ್ಲಿ ಕನ್ನಡ ಆಡುವ ನನಗೆ ಮರಾಠಿ ವ್ಯಾಕರಣ ಅಷ್ಟಕ್ಕಷ್ಟೆ. ಹಾಗಾಗಿ ಓಟವೇ ಆಧಾರ.

ಭರ್ತಿಗೆ ತಯಾರು ಮಾಡುವ ನಮ್ಮ ಅಕಾಡೆಮಿಯ ಸರ್ ಓಡಿಸುತ್ತಿದ್ದದ್ದು ಸೋಲಾಪುರ–ಹೈದರಾಬಾದ್ ಹೆದ್ದಾರಿಯ ಅಂಚಿಗೆ, ಡಾಂಬರಿನ ಮೇಲೆ. ಕಾಲು ನೋಯುತ್ತಿದೆ ಎಂದರೆ ‘ನಾಟಕ್ ನಕೋ’ ಎನ್ನುತ್ತಿದ್ದರು. ಉದಗೀರದಲ್ಲಿ ಓಟದ ಟ್ರಯಲ್ ಇತ್ತು. ಅರ್ಧ ದಾರಿಗೇ ಎಡಗಾಲು ಊರಲಾರದೆ ಕುಂಟುತ್ತ ಗೆರೆ ದಾಟಿದೆ. ಸರ್ ಗಡಿಯಾರ ನೋಡಿದರು, ನನ್ನನ್ನು ನೋಡಲಿಲ್ಲ.

ಮಾಮಾ ಬೈಕಿನಲ್ಲಿ ಕೂರಿಸಿಕೊಂಡು ನಿಲಂಗಾ ಕಡೆಯ ಒಂದು ಹಳ್ಳಿಗೆ ಒಯ್ದ. ‘ನರ ಸರದದ, ಒಮ್ಮೆ ತಿಕ್ಕಿಸಿದ್ರ ಹೋಗ್ತದ’ ಎಂದ. ತಿಕ್ಕುವ ಮುದುಕ ಅಂಗಳದಲ್ಲಿ ಚಾಪೆ ಹಾಸಿ, ಬಿಸಿ ಎಣ್ಣೆ ಹಚ್ಚಿ, ಹೆಬ್ಬೆರಳನ್ನು ಸರಿಯಾಗಿ ನೋವಿದ್ದಲ್ಲೇ ಊರಿದ. ನಾನು ಚೀರಿದೆ. ‘ಅಲ್ಲೇ ಅದ ನೋಡ್ರಿ, ಅಲ್ಲೇ ಗಂಟು’ ಎಂದು ಅವನಿಗೆ ಹುರುಪು ಬಂತು. ಮಾಮಾ ನನ್ನ ಎರಡೂ ಭುಜ ಒತ್ತಿ ಹಿಡಿದ. ಕಣ್ಣು ಕತ್ತಲಿಟ್ಟಿತು, ವಾಂತಿಯಾಯಿತು. ವಾಂತಿಯಾದದ್ದು ಒಳ್ಳೆಯ ಲಕ್ಷಣ ಅಂತೆ! ರಾತ್ರಿ ಹೊದಿಕೆ ತಾಗಿದರೂ ಕಾಲು ಉರಿಯುತ್ತಿತ್ತು. ಅವ್ವ ಪಕ್ಕದಲ್ಲಿ ಕೂತು ತನ್ನ ತಮ್ಮನನ್ನು ಬೈದಳು. ಆದರೆ ಅವನೆದುರು ಒಂದು ಮಾತೂ ಆಡಲಿಲ್ಲ.

ಆಮೇಲೆ ತೆಗೆಸಿದ ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ‘ನಾ ಹೇಳಿರಲಿಲ್ಲೇನು’ ಎಂದು ಮಾಮಾ ಬೀಗಿದ. ಇಂಥ ಸೂಕ್ಷ್ಮ ಬಿರುಕು ಮೊದಲ ಎರಡು ಮೂರು ವಾರ ಎಕ್ಸ್‌ರೇಗೆ ಸಿಗದೇ ಇರಬಹುದು, ಎಂಆರ್‌ಐಯಲ್ಲಿ ಸಿಗುತ್ತದೆ. ನನ್ನದು ಸಿಕ್ಕಿದ್ದು ಲಾತೂರಿನಲ್ಲಿ. ಊಟ ಸರಿಯಾಗಿ ಮಾಡುತ್ತೀಯಾ, ಮುಟ್ಟು ತಪ್ಪದೆ ಆಗುತ್ತದೆಯೇ ಎಂದು ಡಾಕ್ಟರ್ ಕೇಳಿದಾಗ ಮಾಮಾ ಎದ್ದು ಹೊರಗೆ ಹೋದ. ಆ ಪ್ರಶ್ನೆಗೆ ಕಾರಣವಿತ್ತು: ಹೊಟ್ಟೆ ಕಟ್ಟಿ ಓಡುವ ಹುಡುಗಿಯರಿಗೆ ಮುಟ್ಟು ನಿಲ್ಲಬಹುದು, ಎಲುಬೂ ಸವೆಯಬಹುದು. ಇದನ್ನು ಯಾವ ಅಕಾಡೆಮಿಯಲ್ಲೂ ನನಗೆ ಹೇಳಿರಲಿಲ್ಲ.

ಭರ್ತಿಗೆ ಓಡುವ ತಂಗಿಯರು ಇಷ್ಟು ತಿಳಿದಿರಲಿ. ಮೊಣಕಾಲ ಕೆಳಗಿನ ಎಲುಬಿನ ಉದ್ದಕ್ಕೂ ಹರಡಿದ ನೋವು ಬೇರೆ. ಅದು ಮೈ ಬಿಸಿಯಾದಂತೆ ಇಳಿಯುವುದುಂಟು. ಒಂದೇ ಕಡೆ ಬೆರಳಿಟ್ಟು ತೋರಿಸಬಹುದಾದ ನೋವು, ಓಡಿದಷ್ಟೂ ಏರುತ್ತಿದ್ದರೆ, ಮಲಗಿದಾಗಲೂ ಇದ್ದರೆ, ಓಟ ನಿಲ್ಲಿಸಿ ಎಲುಬಿನ ಡಾಕ್ಟರ ಬಳಿ ಹೋಗಬೇಕು. ತಿಕ್ಕಿಸಬಾರದು.

ಮರಳಿ ಓಡುವಾಗ ಅವಸರ ಬೇಡ. ನೋವಿಲ್ಲದೆ ನಡೆಯಲು ಬಂದ ಮೇಲೆ, ಆ ಒಂದೇ ಕಾಲಿನ ಮೇಲೆ ಕುಪ್ಪಳಿಸಲು ಬಂದ ಮೇಲೆ, ಸ್ವಲ್ಪ ನಡಿಗೆ ಸ್ವಲ್ಪ ಓಟ, ಅದೂ ದಿನ ಬಿಟ್ಟು ದಿನ. ಬೇಸಿಗೆಯಲ್ಲಿ ನಮ್ಮ ಎರೆ ಹೊಲ ಕಲ್ಲಾಗಿರುತ್ತದೆ, ಮಣ್ಣೆಂದು ನಂಬಬೇಡಿ. ಹುಲ್ಲಿನ ಮೈದಾನ ಹುಡುಕಿ. ದೂರವನ್ನೂ ವೇಗವನ್ನೂ ಒಂದೇ ವಾರ ಏರಿಸಬಾರದು. ಪೂರ್ತಿ ಜೋರಿನ 100 ಮೀಟರ್, ಮೊಳೆ ಬೂಟು ಎಲ್ಲಾ ಕೊನೆಗೆ. ಓಟ ನಿಂತಿದ್ದಾಗಲೂ ಸೈಕಲ್ ತುಳಿಯುವುದಕ್ಕೆ ಡಾಕ್ಟರ್ ಒಪ್ಪಿದ್ದರು, ದಮ್ಮು ಉಳಿದದ್ದು ಅದರಿಂದ.

ಮುಂದಿನ ಭರ್ತಿಯಲ್ಲಿ ಗ್ರೌಂಡ್ ಪಾಸಾದೆ. ಲೇಖಿಯಲ್ಲಿ ಅಂಕ ಸಾಲಲಿಲ್ಲ. ಅದಕ್ಕೆ ಕಾಲನ್ನು ದೂರುವಂತಿಲ್ಲ. ತಂದೆ ತಾಯಂದಿರೇ, ಅಕಾಡೆಮಿಗೆ ಫೀಸು ಕಟ್ಟುವ ಮೊದಲು ಮಕ್ಕಳನ್ನು ಯಾವ ನೆಲದ ಮೇಲೆ ಓಡಿಸುತ್ತಾರೆ ಎಂದು ಒಮ್ಮೆ ಹೋಗಿ ನೋಡಿ ಬನ್ನಿ.